ಕೆಡಲು ಬಾರದ ಕಾರು

ನಮ್ಮ ಮನೆಯ ಕಾರು ಕೆಡುವುದೇ ಇಲ್ಲ. ಕೇಳಿದವರೆಲ್ಲ ‘ಪುಣ್ಯವಂತರು ಬಿಡಿ’ ಎನ್ನುತ್ತಾರೆ. ನಾನು ಹೂಂ ಎಂದು ಸುಮ್ಮನಾಗುತ್ತೇನೆ. ಆ ಹಾಳು ಕಾರು ಆಗೊಮ್ಮೆ ಈಗೊಮ್ಮೆ ಕೆಟ್ಟು ನಿಂತಿದ್ದರೆ ನಾವು ಎಷ್ಟು ಸುಖವಾಗಿರುತ್ತಿದ್ದೆವು ಎಂದು ಯಾರಿಗೆ ಬಿಡಿಸಿ ಹೇಳಲಿ?

ಇದಕ್ಕೆ ಮೊದಲು ನಮ್ಮಲ್ಲಿ ಒಂದು ಕೆಂಪು ಕಾರಿತ್ತು. ಉದ್ದ ಮೂಗು, ಸುತ್ತ ಹೊಳೆಯುವ ಪಟ್ಟಿ, ಮೆತ್ತನೆಯ ಸೀಟು. ನಮ್ಮವರು ಅದರ ಚೆಂದಕ್ಕೆ ಮರುಳಾಗಿ ಯಾರೋ ಓಡಿಸಿ ಬಿಟ್ಟಿದ್ದನ್ನು ಕೊಂಡು ತಂದಿದ್ದರು. ಬೀದಿಯವರೆಲ್ಲ ತಿರುಗಿ ತಿರುಗಿ ನೋಡುತ್ತಿದ್ದರು. ಅದು ನಿಂತಲ್ಲೇ ನಿಂತಿರುತ್ತಿದ್ದುದರಿಂದ ಅವರಿಗೆ ನೋಡಲು ಬೇಕಾದಷ್ಟು ಪುರುಸೊತ್ತೂ ಸಿಗುತ್ತಿತ್ತು. ಚಳಿಯಾದರೆ ಹೊರಡುವುದಿಲ್ಲ, ಸೆಕೆಯಾದರೆ ಕುದಿಯುತ್ತದೆ, ಏರು ಕಂಡರೆ ಏದುಸಿರು. ಎದುರುಮನೆಯ ನಿವೃತ್ತ ಕಂಡಕ್ಟರ್ ಅದಕ್ಕೆ ‘ಮಹಾರಾಣಿ’ ಎಂದು ಹೆಸರಿಟ್ಟಿದ್ದರು. ಅದನ್ನು ತಳ್ಳಿ ತಳ್ಳಿ ನನ್ನ ತೋಳು ಗಟ್ಟಿಯಾಯಿತು.

ಆ ಮಹಾರಾಣಿಯ ಸೇವೆಗೆ ಪ್ರತಿ ಭಾನುವಾರ ನಮ್ಮ ಭಾವ ಬರುತ್ತಿದ್ದರು. ಭಾವ ಎಂದರೆ ನಮ್ಮವರ ಸ್ವಂತ ಅಣ್ಣ. ಊರಿನ ಇನ್ನೊಂದು ತುದಿಯಲ್ಲಿ ಅವರ ಗ್ಯಾರೇಜಿತ್ತು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವರ ಟೂಲ್ ಬಾಕ್ಸ್ ನಮ್ಮ ಗೇಟಿನ ಬಳಿ ಠಣ್ ಎಂದು ಕೂರುತ್ತಿತ್ತು. ಹಳೆಯ ಬೆಡ್‌ಶೀಟು ನೆಲಕ್ಕೆ ಹಾಸಿ, ಬಾನೆಟ್ ಎತ್ತಿ ಕೋಲು ಕೊಟ್ಟು, ಅಣ್ಣ ತಮ್ಮ ಇಬ್ಬರೂ ಒಳಗೆ ತಲೆ ತೂರಿಸಿದರೆಂದರೆ ಮಧ್ಯಾಹ್ನದ ಊಟಕ್ಕೆ ಕೂಗುವವರೆಗೂ ನನಗೆ ಕಾಣುತ್ತಿದ್ದುದು ಅವರ ಬೆನ್ನು ಮಾತ್ರ. ಭಾವ ಬಿಚ್ಚುವವರು, ನಮ್ಮವರು ಟಾರ್ಚ್ ಹಿಡಿಯುವವರು. ಮುದ್ರಣಾಲಯದಲ್ಲಿ ರಾಶಿ ರಾಶಿ ಕಾಗದ ಕತ್ತರಿಸುವ ಯಂತ್ರವನ್ನು ನಡೆಸುವ ಮನುಷ್ಯನಿಗೆ ಅಣ್ಣನ ಮುಂದೆ ಸ್ಪ್ಯಾನರ್ ಮುಟ್ಟುವ ಧೈರ್ಯವೂ ಇರಲಿಲ್ಲ.

ಆ ಬಾನೆಟ್ಟಿನ ಕೆಳಗೆ ಅವರಿಬ್ಬರೂ ಮಾತಾಡುತ್ತಿದ್ದರು. ಇದು ದೊಡ್ಡ ವಿಷಯ. ಊಟಕ್ಕೆ ಎದುರುಬದುರು ಕೂರಿಸಿದರೆ ಇಬ್ಬರೂ ತುಟಿ ಪಿಟಕ್ ಎನ್ನದ ಜಾತಿ. ‘ಉಪ್ಪು ಕೊಡು’, ‘ಸಾಕು’, ಅಷ್ಟೇ. ಅದೇ ತಲೆ ಬಗ್ಗಿಸಿ, ಕಣ್ಣು ಒಂದು ಬೋಲ್ಟಿನ ಮೇಲಿಟ್ಟು, ಕೈ ಎಣ್ಣೆಯಲ್ಲಿ ಅದ್ದಿಕೊಂಡರೆ ಎಲ್ಲ ಹೊರಗೆ ಬರುತ್ತಿತ್ತು. ಅತ್ತೆ ತೀರಿಕೊಂಡಾಗ ಅಣ್ಣ ತಮ್ಮ ಅತ್ತಿದ್ದು ಆ ಬಾನೆಟ್ಟಿನ ಕೆಳಗೇ. ನಮ್ಮ ಮಗಳು ಕಾಲೇಜು ಬಿಡುತ್ತೇನೆಂದು ಹಟ ಹಿಡಿದಾಗ ನಮ್ಮವರು ಕೇಳಿದ್ದೂ ಅಲ್ಲೇ, ಭಾವ ದಾರಿ ಹೇಳಿದ್ದೂ ಅಲ್ಲೇ. ನಾನು ಕಿಟಕಿಯ ಬಳಿ ಕೂತು ಗಿರಾಕಿಗಳ ಪರದೆಗೆ ಅಂಚು ಹೊಲಿಯುತ್ತ ಕಿವಿಗೊಟ್ಟರೆ ಅರ್ಧಂಬರ್ಧ ಕೇಳಿಸುತ್ತಿತ್ತು.

ಒಂದು ಭಾನುವಾರ ಭಾವ ಬಂದವರೇ ಟೂಲ್ ಬಾಕ್ಸ್ ತೆರೆಯಲಿಲ್ಲ.

“ಇದನ್ನ ಕೊಟ್ಬಿಡೋ. ಬೇರೆ ಗಾಡಿ ನೋಡಿದೀನಿ” ಎಂದರು.

“ಯಾಕಣ್ಣ? ಓಡ್ತಾ ಇದ್ಯಲ್ಲ.”

“ಏನು ಓಡೋದು? ನಿನ್ನ ಹೆಂಡ್ತಿ ತಳ್ತಾಳೆ, ಅದು ಉರುಳುತ್ತೆ. ಮಾತಾಡ್ದೆ ಬಾ.”

ಅವರು ತೋರಿಸಿದ ಕಾರನ್ನು ನೋಡಿ ನನ್ನ ಮಗಳು ಹರಳೆಣ್ಣೆ ಕುಡಿದ ಹಾಗೆ ಮುಖ ಮಾಡಿದಳು. ಪಾತ್ರೆ ತೊಳೆದ ನೀರಿನ ಬಣ್ಣ, ಡಬ್ಬಿಯಂಥ ಆಕಾರ. ಒಂದು ಬೀದಿಯಲ್ಲಿ ಅಂಥವು ಹತ್ತು ನಿಂತಿದ್ದರೂ ಒಂದೂ ಕಣ್ಣಿಗೆ ಬೀಳುವುದಿಲ್ಲ. ಯಾವುದೋ ಆಫೀಸಿನಲ್ಲಿ ದುಡಿದು ದಣಿದು ಬಂದದ್ದಂತೆ. ಭಾವ ಮಾತ್ರ ಅದರ ಸುತ್ತ ಅಂಗೈ ಸವರುತ್ತ ಓಡಾಡಿದರು, ಇಂಜಿನ್ನಿಗೆ ಕಿವಿಯಿಟ್ಟು ಕೇಳಿದರು. ಕೊನೆಗೆ, “ನೋಡೋಕೆ ಪೆದ್ದು. ಆದ್ರೆ ಕೈ ಬಿಡಲ್ಲ” ಎಂದರು. ಹಾಗಾಗಿ ಅದಕ್ಕೆ ‘ಪೆದ್ದ’ ಎಂಬ ಹೆಸರೇ ನಿಂತಿತು.

ಪೆದ್ದ ನಮ್ಮ ಬಾಯಿ ಮುಚ್ಚಿಸಿತು. ಎಂಥ ಚಳಿಯಲ್ಲೂ ಬೀಗದಕೈ ತಿರುಗಿಸಿದ ಕೂಡಲೇ ಹೊರಡುತ್ತಿತ್ತು. ಏರನ್ನು ಕ್ಯಾರೆ ಎನ್ನದೆ ಏರುತ್ತಿತ್ತು. ನಮ್ಮ ಮಗಳು ಡ್ರೈವಿಂಗ್ ಕಲಿಯುವಾಗ ಅದನ್ನು ಕಾಂಪೌಂಡಿಗೆ ಗುದ್ದಿದಳು. ಕಾಂಪೌಂಡು ಬಿರುಕು ಬಿಟ್ಟಿತು, ಪೆದ್ದನಿಗೆ ಒಂದು ತಗ್ಗು ಬಿದ್ದದ್ದು ಬಿಟ್ಟರೆ ಏನೂ ಆಗಲಿಲ್ಲ. ಕಂಡಕ್ಟರ್ ಅವರ ಹೆಂಡತಿಗೆ ಎದೆನೋವು ಬಂದಾಗ, ಅವರ ಮಗನ ಮಿರಿಮಿರಿ ಮಿಂಚುವ ಹೊಸ ಕಾರು ಉಸಿರೆತ್ತದೆ ಕೂತಿತು. ಆಕೆಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ನಮ್ಮ ಪೆದ್ದ. ಅಂದಿನಿಂದ ಕಂಡಕ್ಟರ್ ಬೆಳಿಗ್ಗೆ ವಾಕಿಂಗ್ ಹೊರಟಾಗ ಅದರ ಬೆನ್ನು ತಟ್ಟಿ ಹೋಗುತ್ತಾರೆ. “ಇದಕ್ಕೆ ಕೆಡೋಕೂ ಬರಲ್ಲ ನೋಡಮ್ಮ” ಎಂದು ಅವರು ಅಂದಾಗ ನಾನೂ ನಕ್ಕಿದ್ದೆ.

ಕಾರು ಬಂದ ಮುಂದಿನ ಭಾನುವಾರ ಭಾವ ಬಂದರು. ಬಾನೆಟ್ ಎತ್ತಿದರು, ಒಂದು ಗಳಿಗೆ ನಿಂತರು, ಇಳಿಸಿದರು. “ಏನೂ ಇಲ್ಲ ಕೆಲಸ” ಎಂದು ಟೀ ಕುಡಿದು ಹೊರಟುಬಿಟ್ಟರು. ಮತ್ತೆ ಬರಲಿಲ್ಲ.

ಭಾನುವಾರ ಎಂಬುದು ನಮ್ಮ ಮನೆಯಲ್ಲಿ ಖಾಲಿ ಬಿತ್ತು. ನಮ್ಮವರು ತಿಂಡಿ ತಿಂದು ಗೇಟಿನವರೆಗೆ ಹೋಗಿ ಬರುವರು. ಒರೆಸಿದ ಕಾರನ್ನೇ ಮತ್ತೆ ಒರೆಸುವರು.

“ಅಣ್ಣನಿಗೆ ಒಂದು ಫೋನ್ ಮಾಡಿ ಬನ್ನಿ ಅನ್ನಬಾರ್ದಾ?” ಎಂದೆ.

“ಏನಂತ ಹೇಳಿ ಕರೀಲಿ?”

“ಸುಮ್ನೆ ಬನ್ನಿ ಅಂತ.”

“ಸುಮ್ ಸುಮ್ನೆ ಯಾರಾದ್ರೂ ಬರ್ತಾರೇನೆ?”

ಇದು ಇವರ ವಂಶದ ರೋಗ. ಕೆಲಸವಿಲ್ಲದೆ ಒಬ್ಬರು ಇನ್ನೊಬ್ಬರ ಹೊಸ್ತಿಲು ತುಳಿಯುವುದಿಲ್ಲ. ನಮ್ಮ ಮಾವನವರು ಸ್ವಂತ ತಂಗಿಯ ಮನೆಗೆ ಹೋಗಬೇಕೆಂದರೆ ಅವಳ ಮನೆಯ ಬಾಗಿಲು ಕಿರುಗುಟ್ಟುತ್ತಿದೆ ಎಂಬ ಸುದ್ದಿ ಬರಬೇಕಿತ್ತಂತೆ. ಸಾಲದೆಂಬಂತೆ, ಭಾವ ಗ್ಯಾರೇಜು ಮುಚ್ಚಿದ ಸುದ್ದಿಯೂ ನಮಗೆ ಹೊರಗಿನವರಿಂದ ಬಂತು. ‘ಈಗಿನ ಗಾಡಿಗಳೆಲ್ಲ ಕಂಪ್ಯೂಟರು, ನಮಗಲ್ಲ’ ಎಂದರಂತೆ. ತಮ್ಮನಿಗೆ ಒಂದು ಮಾತು ಹೇಳಲಿಲ್ಲ. ಬಂಧುಗಳ ಮನೆಯ ಒಂದು ಊಟದಲ್ಲಿ ಎದುರಾದಾಗ ನಮ್ಮವರು ನಗುತ್ತ ಹತ್ತಿರ ಹೋದರು. ಭಾವ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಎಲ್ಲೋ ಗೋಡೆ ನೋಡುತ್ತ, “ಚೆನ್ನಾಗಿದ್ದೀರಾ?” ಎಂದರು. ಮುಖ ಕೊಟ್ಟು ಒಂದು ಮಾತಾಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಬಾಯಿಗೆ ಬಂದದ್ದು ಅಂದೆ. ನಮ್ಮವರು ಸ್ಟೀರಿಂಗ್ ಹಿಡಿದು ರಸ್ತೆಯನ್ನೇ ನೋಡುತ್ತಿದ್ದರು. ಕಾರು ಒಂದು ಕೆಮ್ಮೂ ಇಲ್ಲದೆ ಓಡುತ್ತಿತ್ತು.

ಹೀಗೆ ವರ್ಷಗಳು ಹೋದವು. ವಾರವೊಂದಾದರೆ ಸಹಿಸಬಹುದು, ವರ್ಷಗಳು ಹೋದವು.

ಮೊನ್ನೆ ಒಂದು ಭಾನುವಾರ ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ, ನಮ್ಮವರು ಬಾನೆಟ್ ಎತ್ತಿದ್ದಾರೆ. ಅತ್ತಿತ್ತ ನೋಡಿ, ಫ್ಯೂಸುಗಳ ಡಬ್ಬಿಯ ಮುಚ್ಚಳ ತೆಗೆದು, ಅದರ ಒಳಮೈಯ ಚಿತ್ರ ಓದಿ, ಚಿಕ್ಕದೊಂದು ಫ್ಯೂಸನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು. ಅಷ್ಟು ವರ್ಷ ಟಾರ್ಚ್ ಹಿಡಿದವರಿಗೆ ಅಷ್ಟಾದರೂ ಗೊತ್ತಿರಬೇಕಲ್ಲ. ಒಳಗೆ ಬಂದವರೇ ಫೋನ್ ಎತ್ತಿದರು.

“ಅಣ್ಣ, ಕಾರು ಸ್ಟಾರ್ಟ್ ಆಗ್ತಾ ಇಲ್ಲ!” ಎಂದರು. ಲಾಟರಿ ಹೊಡೆದವರ ದನಿ.

ಆ ಕಡೆಯಿಂದ ಭಾವ “ಹತ್ರದ ಗ್ಯಾರೇಜಿಗೆ ತೋರಿಸ್ಬಿಡೋ” ಎಂದದ್ದು ನನಗೂ ಕೇಳಿಸಿತು.

“ನೀನೇ ಬಾ ಅಣ್ಣ. ಇದರ ಕಥೆ ನಿನಗೇ ಗೊತ್ತು.”

ನಾನು ಕಂಡೂ ಕಾಣದ ಹಾಗಿದ್ದೆ. ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಪಟ್ಟೆ. ಮೂಲೆಯಲ್ಲಿದ್ದ ಹಳೆಯ ಬೆಡ್‌ಶೀಟು ಹುಡುಕಿ ತೆಗೆದಿಟ್ಟೆ.

ಭಾವ ಬಸ್ಸಿನಲ್ಲಿ ಬಂದರು, ಜೊತೆಗೆ ಅಕ್ಕ. ಅಕ್ಕ ಎಂದರೆ ಅವರ ಹೆಂಡತಿ. ಟೂಲ್ ಬಾಕ್ಸ್ ಅಕ್ಕನ ಒಂದು ಕೈಯಲ್ಲಿತ್ತು, ಭಾವನ ಮೊಣಕೈ ಇನ್ನೊಂದರಲ್ಲಿ. ವಯಸ್ಸಾಯಿತು ಎಂದುಕೊಂಡೆ. ಗೇಟಿನ ಬಳಿ ಅವರು ಮೆಟ್ಟಿಲನ್ನು ಕಾಲಿನಿಂದ ತಡವಿ ನೋಡಿದ್ದನ್ನು ಕಂಡರೂ ನನ್ನ ತಲೆಗೆ ಹೋಗಲಿಲ್ಲ.

ಬಾನೆಟ್ ಏರಿತು, ಬೆಡ್‌ಶೀಟು ನೆಲಕ್ಕೆ ಬಿತ್ತು. “ಬೀಗದಕೈ ತಿರುಗಿಸು” ಎಂದರು ಭಾವ. ನಮ್ಮವರು ತಿರುಗಿಸಿದರು. ಭಾವ ತಲೆ ಓರೆ ಮಾಡಿ ಕೇಳಿ, “ಟ್ಯಾಂಕೊಳಗಿನ ಪೆಟ್ರೋಲ್ ಪಂಪು ಉಸಿರೇ ಎತ್ತುತ್ತಾ ಇಲ್ಲ. ಫ್ಯೂಸ್ ನೋಡ್ಬೇಕು” ಎಂದರು. ನಮ್ಮವರ ಮುಖದಲ್ಲಿ ಹೆಮ್ಮೆ ಉಕ್ಕಿತು. ‘ನೋಡು ನಮ್ಮಣ್ಣನ್ನ’ ಎಂಬಂತೆ ಕಿಟಕಿಯ ಕಡೆ ತಿರುಗಿ ನಕ್ಕರು.

ಡಬ್ಬಿಯಲ್ಲಿ ಮೊದಲೇ ಎಷ್ಟೋ ಖಾಲಿ ಜಾಗಗಳಿರುತ್ತವಂತೆ. ಯಾವುದು ಯಾವುದರದೆಂದು ಮುಚ್ಚಳದ ಚಿತ್ರ ನೋಡಿಯೇ ತಿಳಿಯಬೇಕು. ಭಾವ ಮುಚ್ಚಳವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಮುಖವನ್ನು ಪಕ್ಕಕ್ಕೆ ತಿರುಗಿಸಿ ಕಣ್ಣಂಚಿನಿಂದ ನೋಡಿದರು. ಬೆರಳು ಡಬ್ಬಿಯ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು.

“ಬೆಳಕು ಹಿಡಿಯೋ” ಎಂದರು.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಆದರೂ ನಮ್ಮವರು ಟಾರ್ಚ್ ತಂದು ಹಿಡಿದರು.

“ಇನ್ನೂ ಹತ್ರ ಹಿಡಿ. ಇದೇನು ಬ್ಯಾಟರಿ ಮುಗಿದಿದ್ಯಾ?”

ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದರು. ಆಗ ನನಗೆ ಅರ್ಥವಾಯಿತು. ಬಂಧುಗಳ ಮನೆಯ ಊಟದಲ್ಲಿ ಪಕ್ಕಕ್ಕೆ ತಿರುಗಿದ ಆ ಮುಖವೂ ಅರ್ಥವಾಯಿತು. ಸೂಜಿ ಕೈಯಲ್ಲೇ ಉಳಿಯಿತು.

ನಮ್ಮವರು ಜೇಬಿನಿಂದ ಫ್ಯೂಸ್ ತೆಗೆದು ಅಣ್ಣನ ಅಂಗೈಯಲ್ಲಿಟ್ಟರು. “ಇಲ್ಲೇ ಕೆಳಗೆ ಬಿದ್ದಿತ್ತು ಅಣ್ಣ.”

ಭಾವ ಅದನ್ನು ಬೆರಳುಗಳ ನಡುವೆ ಹೊರಳಿಸಿದರು.

“ಬೆಚ್ಚಗಿದೆ” ಎಂದರು. “ಇಂಜಿನ್ ತಣ್ಣಗಿದೆ. ಇದು ಬೆಚ್ಚಗಿದೆ. ಜೇಬಲ್ಲಿ ಇಟ್ಕೊಂಡಿದ್ಯೇನೋ?”

ನಮ್ಮವರು ತಲೆ ಕೆಳಗೆ ಹಾಕಿದರು. ಅಷ್ಟು ದೊಡ್ಡ ಮನುಷ್ಯ, ಮಗಳನ್ನು ಕೆಲಸಕ್ಕೆ ಕಳಿಸಿದ ಅಪ್ಪ, ಪೆಟ್ಟು ತಿನ್ನಲು ನಿಂತವರ ಹಾಗೆ ನಿಂತರು.

“ನೀನು ಬರಲೇ ಇಲ್ವಲ್ಲ” ಎಂದರು.

ಭಾವ ಬೈಯಲಿಲ್ಲ. ಬಂಪರಿನ ಮೇಲೆ ಕೈಯೂರಿ ಮೆಲ್ಲಗೆ ಬೆಡ್‌ಶೀಟಿನ ಮೇಲೆ ಕೂತರು.

“ಆ ಕೆಂಪು ಗಾಡಿ ಇತ್ತಲ್ಲ, ಅದರ ಕಾಲದಲ್ಲೇ ಶುರುವಾಯ್ತು ಕಣೋ. ನೆಟ್ಟಗೆ ನೋಡಿದ್ರೆ ನೋಡಿದ ವಸ್ತುವೇ ಮಾಯ. ಸುತ್ತ ಕಾಣುತ್ತೆ, ನಡುವೆ ಕಪ್ಪು. ಒಂದಿನ ಬ್ರೇಕ್ ಪೈಪಿನ ನಟ್ಟು ಸಡಿಲ ಬಿಟ್ಟು ಹೋಗಿದ್ದೆ. ಮುಂದಿನ ವಾರ ಬಂದು ಕೈಯಿಟ್ಟಾಗ ಎಣ್ಣೆ ಜಿನುಗ್ತಾ ಇತ್ತು. ನೀನು ಅದೇ ಗಾಡೀಲಿ ಹೆಂಡ್ತೀನೂ ಮಗಳನ್ನೂ ಕೂರಿಸ್ಕೊಂಡು ತಿರುಗಾಡಿದ್ದೆ. ಅವತ್ತು ನನ್ನ ಜೀವ ಬಾಯಿಗೆ ಬಂತು. ನನ್ನ ಕೈ ಬೇಕಾಗದೇ ಇರೋ ಗಾಡಿ ಹುಡುಕಿ ನಿನಗೆ ಕೊಡಿಸಿಬಿಡೋಣ ಅಂತ ಹೊರಟೆ.”

“ನನಗೆ ಹೇಳಬಹುದಿತ್ತಲ್ಲ ಅಣ್ಣ.”

“ನೀನು ಕರೀಬಹುದಿತ್ತಲ್ಲ.”

“ಗಾಡಿ ಕೆಟ್ಟಿರಲಿಲ್ಲ. ಏನಂತ ಕರೀಲಿ?”

ಭಾವ ಹೌದೆಂಬಂತೆ ತಲೆಯಾಡಿಸಿದರು. ಅವರಿಗೆ ಅದು ಸರಿಯಾದ ಉತ್ತರವೆಂದೇ ತೋರಿರಬೇಕು. ನನಗೆ ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಕುಟ್ಟಬೇಕೆನಿಸಿತು, ತಬ್ಬಿಕೊಂಡು ಅಳಬೇಕೆಂದೂ ಅನಿಸಿತು.

“ಹತ್ರ ಬಾ” ಎಂದರು ಭಾವ. ನಮ್ಮವರು ಎದುರಿಗೆ ಕೂತರು. ಬಾನೆಟ್ಟಿನ ಹೊರಗೆ ಅವರಿಬ್ಬರೂ ಮುಖಕ್ಕೆ ಮುಖ ಕೊಟ್ಟು ಮಾತಾಡಲು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಭಾವ ಮುಖ ಓರೆ ಮಾಡಿದರು, ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು.

“ಕೂದಲು ಬೆಳ್ಳಗಾಗಿದ್ಯಾ?”

“ಪೂರ್ತಿ ಆಗಿದೆ ಅಣ್ಣ.”

“ಹೋದ ವರ್ಷದವರೆಗೂ ಒಂಚೂರು ಕಾಣ್ತಿತ್ತು” ಎಂದರು ಭಾವ. “ಹೋದ ವರ್ಷ ಬಂದಿದ್ರೂ ನಿನ್ನ ಮುಖ ನೋಡ್ತಿದ್ದೆ.”

ನಮ್ಮವರು ಫ್ಯೂಸನ್ನು ಅದರ ಜಾಗದಲ್ಲಿ ಕೂರಿಸಿದರು. ಅಣ್ಣನ ಎದುರು ಅವರೇ ಕೈಯಾರೆ ಮಾಡಿದ ಮೊದಲ ರಿಪೇರಿ ಅದು. ಕಾರು ಒಂದೇ ಸಲಕ್ಕೆ ಹೊರಟಿತು. ಆ ಸದ್ದು ಕೇಳಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಸಂಜೆ ಅವರನ್ನು ಮನೆಗೆ ಬಿಡಲು ಹೊರಟೆವು. ಭಾವ ಮುಂದಿನ ಸೀಟಿನಲ್ಲಿ, ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಕೂತರು. ದೊಡ್ಡ ಏರು ಬಂತು. ಪೆದ್ದ ಸರಾಗವಾಗಿ ಏರಿತು.

“ಇಷ್ಟು ವರ್ಷದಲ್ಲಿ ಒಂದು ಸಲಾನೂ ಕೆಡಲಿಲ್ವೇನೋ?” ಎಂದರು ಭಾವ.

“ಒಂದು ಸಲಾನೂ ಇಲ್ಲ ಅಣ್ಣ.”

ಭಾವ ಡ್ಯಾಶ್‌ಬೋರ್ಡನ್ನು ಮೆಲ್ಲಗೆ ಸವರಿದರು.

“ಇಷ್ಟು ಒಳ್ಳೇದು ಅಂತ ನನಗೆ ಗೊತ್ತಿರಲಿಲ್ಲ ಕಣೋ” ಎಂದರು. “ವರ್ಷಕ್ಕೊಂದು ಸಲ ಸಣ್ಣಪುಟ್ಟದ್ದಾದ್ರೂ ಕೆಡುತ್ತೆ, ನೀನು ಕರೀತೀಯ ಅಂದ್ಕೊಂಡಿದ್ದೆ.”