ಅಳಿಯನ ಬೆನ್ನು

ಚರ್ಮದ ಕಾಯಿಲೆಗಳಲ್ಲಿ ಡಾಕ್ಟರಮ್ಮನಿಗೆ ಅಚ್ಚುಮೆಚ್ಚಿನದು ಪಿಟಿರಿಯಾಸಿಸ್ ರೋಸಿಯಾ. ಇಷ್ಟುದ್ದದ ಹೆಸರನ್ನು ದಿನವೆಲ್ಲ ಹೇಳುತ್ತ ಕೂರಲು ಯಾರಿಗೆ ಪುರುಸೊತ್ತು? ಆಸ್ಪತ್ರೆಯ ಕಿರಿಯ ಡಾಕ್ಟರುಗಳು ಅದನ್ನು ಬರೀ ‘ರೋಸಿ’ ಎಂದು ಕರೆಯುತ್ತಿದ್ದರು. ಮೇಡಂಗೆ ಹೊಟ್ಟೆಯಲ್ಲಿ ಹುಟ್ಟಿದವಳು ಒಬ್ಬಳು, ರೋಸಿ ಇನ್ನೊಬ್ಬಳು ಎಂದು ಬೆನ್ನ ಹಿಂದೆ ನಗುತ್ತಿದ್ದರು. ಆ ಮಾತು ಡಾಕ್ಟರಮ್ಮನ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ, ಒಳಗೊಳಗೇ ಖುಷಿಯೇ ಆಗಿತ್ತು.

ರೋಸಿ ಸಾಧು ಕಾಯಿಲೆ. ಮೊದಲು ಎದೆಯ ಮೇಲೋ ಬೆನ್ನ ಮೇಲೋ ಒಂದು ದೊಡ್ಡ ಮಚ್ಚೆ ಏಳುತ್ತದೆ; ನಸುಗೆಂಪು ಬಣ್ಣ, ಮೊಟ್ಟೆಯ ಆಕಾರ, ಅಂಚಿನ ಒಳಬದಿಗೆ ತೆಳ್ಳನೆಯ ಹೊಟ್ಟು. ಡಾಕ್ಟರಮ್ಮ ಅದನ್ನು ತಾಯಿಮಚ್ಚೆ ಎನ್ನುತ್ತಿದ್ದರು. ಆಮೇಲೆ ಅದರ ಮರಿಗಳು ಹುಟ್ಟಿ, ಪಕ್ಕೆಲುಬಿನ ಗುಂಟ ಓರೆಯಾಗಿ ಸಾಲುಗಟ್ಟುತ್ತವೆ. ಔಷಧ ಕೊಟ್ಟರೂ ಹೋಗುತ್ತದೆ, ಕೊಡದಿದ್ದರೂ ಹೋಗುತ್ತದೆ. ಪುಸ್ತಕದಲ್ಲಿ ಇರುವುದು ಇಷ್ಟು. ಆದರೆ ರೋಸಿ ಪುಸ್ತಕ ಓದಿಕೊಂಡು ಬರುವುದಿಲ್ಲವಲ್ಲ. ಕೆಲವರಲ್ಲಿ ತಾಯಿಮಚ್ಚೆಯೇ ಇರುವುದಿಲ್ಲ. ಕೆಲವರಿಗೆ ಬೆನ್ನು ಬಿಟ್ಟು ಕಂಕುಳಲ್ಲಿ, ತೊಡೆಸಂದಿಯಲ್ಲಿ ಏಳುತ್ತದೆ. ಮಕ್ಕಳಿಗೆ ಗುಳ್ಳೆ, ಕಪ್ಪು ಚರ್ಮದವರಿಗೆ ಕೆಂಪಿನ ಬದಲು ಬೂದುಗಂದು. ತುರಿಕೆಯಿಂದ ಜೀವ ಬೇಸತ್ತವರೂ ಇದ್ದಾರೆ, ಬೆನ್ನ ಮೇಲೆ ಏನೋ ಇದೆ ಎಂದು ಬೇರೆಯವರು ಹೇಳುವವರೆಗೆ ಗೊತ್ತೇ ಆಗದವರೂ ಇದ್ದಾರೆ. ಹುಳುಕಡ್ಡಿ ಎಂದುಕೊಂಡು ಕಂಡಕಂಡ ಮುಲಾಮು ಹಚ್ಚಿ ಸೋತವರು ಕೊನೆಗೆ ಬರುತ್ತಿದ್ದುದು ಡಾಕ್ಟರಮ್ಮನ ಬಾಗಿಲಿಗೆ. ಈ ವೇಷಗಳ ಫೋಟೋಗಳನ್ನೆಲ್ಲ ಕೂಡಿಹಾಕಿ ಅವರು ಕಿರಿಯರಿಗೆ ಪಾಠ ಹೇಳುತ್ತಿದ್ದರು. ಆಸುಪಾಸಿನಲ್ಲಿ ಅವರಷ್ಟು ರೋಸಿ ನೋಡಿದವರು ಇನ್ನೊಬ್ಬರಿರಲಿಲ್ಲ.

ಪಾಠದ ಕೊನೆಗೆ ಮಾತ್ರ ಅವರ ದನಿ ಗಡುಸಾಗುತ್ತಿತ್ತು. ಇದೇ ವೇಷ ಹಾಕಿಕೊಂಡು ಬರುವ ಇನ್ನೊಂದು ಕಾಯಿಲೆ ಇದೆ, ಅದು ಸಿಫಿಲಿಸ್. ಅದರ ಮಚ್ಚೆಗಳೂ ತಾವಾಗಿಯೇ ಮಾಯವಾಗುತ್ತವೆ. ಮಚ್ಚೆ ಹೋಯಿತು ಎಂದು ರೋಗಿ ನಿಶ್ಚಿಂತನಾಗುತ್ತಾನೆ, ರೋಗ ಮಾತ್ರ ರಕ್ತದಲ್ಲಿ ಹಾಯಾಗಿ ಕೂತಿರುತ್ತದೆ, ಜೊತೆಗೆ ಮಲಗಿದವರಿಗೂ, ಬಸುರಿಯಾಗಿದ್ದರೆ ಹೊಟ್ಟೆಯ ಮಗುವಿಗೂ ಹೋಗುತ್ತದೆ. ಆದ್ದರಿಂದ ವಯಸ್ಸಿಗೆ ಬಂದ ಯಾರೇ ಆಗಲಿ, ಬಟ್ಟೆ ತೆಗೆಸಿ ಪೂರ್ತಿ ನೋಡಬೇಕು. ಅಂಗೈ, ಅಂಗಾಲು, ಬಾಯಿಯ ಒಳಗೆ, ಮರ್ಮಾಂಗ. ಮನೆಯ ಹೊರಗೆ ಸಂಬಂಧ ಇದೆಯೇ ಎಂದು ಕೇಳಬೇಕು. ಏನೇ ಉತ್ತರ ಬರಲಿ, ರಕ್ತ ಪರೀಕ್ಷೆ ಮಾಡಿಸಲೇಬೇಕು.

ಒಮ್ಮೆ ಒಬ್ಬ ಕಿರಿಯ ಡಾಕ್ಟರು ತನಗೆ ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟ್ರಿಗೆ ಈ ಪ್ರಶ್ನೆ ಕೇಳದೆ ಬಿಟ್ಟಿದ್ದ.

“ಹೇಗೆ ಕೇಳ್ಲಿ ಮೇಡಂ, ನಂಗೆ ಅಕ್ಷರ ಕಲಿಸಿದವರು” ಎಂದು ತಲೆ ತಗ್ಗಿಸಿದ್ದ.

“ರೋಗಕ್ಕೆ ಮೇಷ್ಟ್ರು ಯಾರು, ಮಾವ ಯಾರು ಅಂತೆಲ್ಲ ಗೊತ್ತಾಗಲ್ಲಪ್ಪ. ನಾಚಿಕೆ ಆದ್ರೆ ಬೇರೆ ಕೆಲಸ ನೋಡ್ಕೋ” ಎಂದು ಎಲ್ಲರೆದುರು ಅವನ ನೀರಿಳಿಸಿದ್ದರು.

ಅಂಥ ಡಾಕ್ಟರಮ್ಮನ ಮನೆಗೆ ಒಂದು ಭಾನುವಾರ ಮಧ್ಯಾಹ್ನ ಮಗಳು ಗಂಡನನ್ನು ಕರೆದುಕೊಂಡು ಬಂದಳು.

ಅಳಿಯ ಆಸ್ಪತ್ರೆಗಳಿಗೆ ಸ್ಕ್ಯಾನಿಂಗ್ ಯಂತ್ರ ಮಾರುವ ಕಂಪನಿಯಲ್ಲಿದ್ದ. ತಿಂಗಳಲ್ಲಿ ಅರ್ಧದಷ್ಟು ದಿನ ಹೊರಗೆ, ಹೋಟೆಲ್ ವಾಸ. ಅವನನ್ನು ಹುಡುಕಿ ತಂದವರೇ ಡಾಕ್ಟರಮ್ಮ. ಒಂದು ಸಮ್ಮೇಳನದಲ್ಲಿ ಅವನ ಮಾತು, ನಡೆ, ಇಸ್ತ್ರಿ ಮಾಡಿದ ಅಂಗಿ ಎಲ್ಲ ಕಣ್ಣಿಗೆ ಬಿದ್ದು, ಇವನೇ ಆಗಬೇಕು ಎಂದು ಪಟ್ಟು ಹಿಡಿದಿದ್ದರು. ಮಗಳಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗ ಎಂದು ತಲೆ ತಿಂದು ಒಪ್ಪಿಸಿದ್ದರು. ಈಗ ಅವಳಿಗೆ ನಾಲ್ಕು ತಿಂಗಳು ತುಂಬಿತ್ತು. ಎಷ್ಟೋ ವರ್ಷ ಕಾದು, ಆಸೆ ಬಿಟ್ಟ ಮೇಲೆ ನಿಂತ ಬಸಿರು. ಹೆರಿಗೆ ಡಾಕ್ಟರು ಮೊದಲ ಭೇಟಿಯಲ್ಲೇ ರಕ್ತದ ಪರೀಕ್ಷೆಗಳನ್ನೆಲ್ಲ ಮಾಡಿಸಿದ್ದರು, ಎಲ್ಲವೂ ಸರಿಯಾಗಿತ್ತು.

“ಇವರ ಮೈ ಮೇಲೆ ಏನೋ ಎದ್ದಿದೆ ಅಮ್ಮ. ಸರಿಯಾಗಿ ನೋಡು” ಎಂದಳು ಮಗಳು. ಕೊನೆಯ ಎರಡು ಮಾತನ್ನು ಒತ್ತಿ ಹೇಳಿದಳು.

“ನಾಳೆ ಆಸ್ಪತ್ರೆಗೆ ಬರ್ತೀನಿ ಅಂದೆ ಅತ್ತೆ, ಇವಳೇ ಕೇಳ್ಲಿಲ್ಲ” ಎಂದ ಅಳಿಯ, ನಗುತ್ತ.

ಊಟದ ಮೇಜಿನ ಪಕ್ಕದಲ್ಲೇ ನಿಲ್ಲಿಸಿ ನೋಡಿದರು. ಅಳಿಯ ಅಂಗಿಯನ್ನು ಭುಜದವರೆಗೆ ಎತ್ತಿ ಹಿಡಿದು ಬೆನ್ನು ತಿರುಗಿಸಿದ. ಮೊಟ್ಟೆಯಾಕಾರದ ಮಚ್ಚೆಗಳು, ತಾಮ್ರದ ಬಣ್ಣ, ಬೆನ್ನ ತುಂಬ. ಡಾಕ್ಟರಮ್ಮ ಕನ್ನಡಕ ಏರಿಸಿ ತಾಯಿಮಚ್ಚೆ ಹುಡುಕಿದರು. ಸಿಗಲಿಲ್ಲ. ಇರಲಿ, ಎಷ್ಟೋ ಜನಕ್ಕೆ ಇರುವುದಿಲ್ಲ. ಹೊಟ್ಟೂ ಇಲ್ಲ. ಸ್ನಾನ ಮಾಡಿ ಬಂದಿದ್ದಾನೆ, ತೊಳೆದುಹೋಗಿರುತ್ತದೆ. ತುರಿಕೆ ಇದೆಯಾ ಎಂದರೆ ಇಲ್ಲ ಎಂದ. ಅದೂ ಉಂಟು. ಹೋದ ವಾರ ಗಂಟಲು ನೋವು, ಸಣ್ಣ ಜ್ವರ ಇತ್ತಂತೆ. ರೋಸಿಗೆ ಮುಂಚೆ ಅದೂ ಬರುತ್ತದೆ. ಕಡಿಮೆ ಓದಿದವರಾಗಿದ್ದರೆ ಪುಸ್ತಕದೊಂದಿಗೆ ಯಾವುದೂ ತಾಳೆಯಾಗುತ್ತಿಲ್ಲ ಎಂದು ಗಾಬರಿಬಿದ್ದು ರಕ್ತ ತೆಗೆಸುತ್ತಿದ್ದರು. ಡಾಕ್ಟರಮ್ಮನಿಗೆ ಒಂದೊಂದು ತಾಳೆಯಾಗದ ಸಂಗತಿಗೂ ಹಿಂದೆ ನೋಡಿದ ಒಬ್ಬ ರೋಗಿ ನೆನಪಾಗುತ್ತಿದ್ದ.

“ಕೈ ನೋಡಲ್ವಾ?” ಎಂದಳು ಮಗಳು.

ಅಳಿಯ ಅಂಗಿಯನ್ನು ಕೆಳಗೆ ಬಿಟ್ಟು ಅಂಗೈ ಚಾಚಿದ. ಎರಡರಲ್ಲೂ ಕಂದು ಚುಕ್ಕಿಗಳಿದ್ದವು.

“ಸೂಟ್‌ಕೇಸು ಎಳೆದೂ ಎಳೆದೂ ಹೀಗಾಗಿದೆ ಅತ್ತೆ” ಎಂದ.

ಡಾಕ್ಟರಮ್ಮ ಆ ಅಂಗೈಗಳನ್ನು ಬೆಳಕಿಗೆ ಹಿಡಿದು ನೋಡಿದರು. ಆಸ್ಪತ್ರೆಯಲ್ಲಿ ಬೇರೆ ಯಾರದಾದರೂ ಅಂಗೈ ಹೀಗಿದ್ದಿದ್ದರೆ, ಉಳಿದದ್ದನ್ನು ನೋಡುವ ಮೊದಲೇ ರಕ್ತಕ್ಕೆ ಚೀಟಿ ಬರೆಯುತ್ತಿದ್ದರು. ಆದರೆ ಎದುರಿಗಿದ್ದವನು ಅಳಿಯ. ಪ್ಯಾಂಟು ತೆಗೆ ಎಂದು ಅತ್ತೆಯಾದವಳು ಹೇಗೆ ಹೇಳುವುದು? ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಮಲಗಿದ್ದೆ ಎಂದು ಬಸುರಿ ಹೆಂಡತಿಯ ಮುಂದೆ ಹೇಗೆ ಕೇಳುವುದು? ಕೇಳಿಬಿಟ್ಟರೆ, ಅವನು ಹೌದು ಎಂದುಬಿಟ್ಟರೆ? ತಾವೇ ಮುಂದೆ ನಿಂತು ಕಟ್ಟಿದ ಸಂಸಾರ. ಅಂಗೈ ಮೇಲೆ ಬಂದ ರೋಸಿಯ ಫೋಟೋ ಒಂದು ತಮ್ಮ ಸಂಗ್ರಹದಲ್ಲಿದೆ ಎಂಬುದು ಅವರಿಗೆ ಆಗ ನೆನಪಾಯಿತು. ಒಂದೇ ಒಂದು. ಅಷ್ಟು ಸಾಕಾಯಿತು.

“ರೋಸಿಯೇ. ತಾನಾಗೇ ಹೋಗುತ್ತೆ. ಏನೂ ಹಚ್ಚೋದು ಬೇಡ” ಎಂದರು.

“ರಕ್ತ ಪರೀಕ್ಷೆ?” ಎಂದಳು ಮಗಳು.

“ಸುಮ್ನೆ ಯಾಕೆ ಚುಚ್ಚಿಸೋದು.”

“ನಿನ್ನ ಹತ್ರ ಬರೋ ಎಲ್ರಿಗೂ ಮಾಡಿಸ್ತೀಯಲ್ಲ.”

“ಅದು ಗುರುತು ಪರಿಚಯ ಇಲ್ಲದವರಿಗೆ ಕಣೇ. ಇವರು ನಮ್ಮ ಮನೆಯವರು.”

ಅಳಿಯ ಅಂಗಿಯ ಗುಂಡಿ ಸರಿಮಾಡಿಕೊಂಡ. ಮಗಳು ತಾಯಿಯ ಮುಖವನ್ನೇ ನೋಡುತ್ತ ನಿಂತಿದ್ದಳು. ಆ ನೋಟ ಏನು ಕೇಳುತ್ತಿದೆ ಎಂಬುದು ಡಾಕ್ಟರಮ್ಮನಿಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾಗಿಯೇ ಚಹಾ ಮಾಡುತ್ತೇನೆಂದು ಒಳಗೆ ಎದ್ದುಹೋದರು.

ಮಗಳು ಹಿಂದೆಯೇ ಅಡುಗೆಮನೆಗೆ ಬಂದಳು. ಲೋಟ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟು, ಸಣ್ಣ ದನಿಯಲ್ಲಿ, “ನಾನು ಆಚೆ ರೂಮಲ್ಲಿ ಮಲಗ್ತಿದೀನಿ. ಮಗೂಗೆ ಏನಾದ್ರೂ ಆದ್ರೆ ಅಂತ ಭಯ” ಎಂದಳು.

ಡಾಕ್ಟರಮ್ಮ ನಕ್ಕರು. ಒಂದು ಸುಳ್ಳು ಹೇಳಿ ಮುಗಿಸಿದವರಿಗೆ ಬರುವ ಉತ್ಸಾಹವೇ ಬೇರೆ. “ಚರ್ಮದ ಡಾಕ್ಟರ ಮಗಳಾಗಿ ಹೀಗಾ ಆಡೋದು? ಅದು ಅಂಟೋ ಕಾಯಿಲೆ ಅಲ್ಲ. ಬಸುರಿಯಾದ ಹೆಂಡತಿ ಬೇರೆ ಕೋಣೆ ಸೇರಿದ್ರೆ ಗಂಡಸರಿಗೆ ಬೇಜಾರಾಗುತ್ತೆ. ಇವತ್ತೇ ನಿನ್ನ ಜಾಗಕ್ಕೆ ಹೋಗಿ ಮಲಗು.”

ಮಗಳು ಲೋಟಗಳನ್ನು ಬೋರಲು ಹಾಕಿದಳು. “ನೀನು ಹೇಳ್ತಿದೀಯ ಅಂದ್ರೆ ಸರಿ” ಎಂದಳು.

ಮಚ್ಚೆಗಳು ಮಾಯವಾದವು. ಆಗಲೇಬೇಕಿತ್ತು, ಎರಡರಲ್ಲಿ ಯಾವುದೇ ಆಗಿದ್ದರೂ ಆಗುತ್ತಿದ್ದವು. ಡಾಕ್ಟರಮ್ಮ ಅದನ್ನು ತಮ್ಮ ಗೆಲುವೆಂದೇ ತಿಳಿದರು. ಹಾಗೆ ತಿಳಿಯಲು ತಮ್ಮ ಮನಸ್ಸನ್ನು ಬಹಳ ಒಪ್ಪಿಸಬೇಕಾಯಿತು, ಆದರೆ ಕೊನೆಗೆ ಒಪ್ಪಿದರು. ಯಾರದು ಎಂದು ಹೇಳದೆ ಆ ಅಂಗೈ ಕಥೆಯನ್ನು ಒಂದು ದಿನ ಪಾಠದಲ್ಲೂ ಸೇರಿಸಿದರು. ಮೇಷ್ಟ್ರ ವಿಷಯದಲ್ಲಿ ಬೈಸಿಕೊಂಡಿದ್ದ ಹುಡುಗ ಎದ್ದುನಿಂತು, “ಬ್ಲಡ್ ಟೆಸ್ಟ್ ಏನು ಬಂತು ಮೇಡಂ?” ಎಂದ. ಡಾಕ್ಟರಮ್ಮ ಗಡಿಯಾರ ನೋಡಿ, ಹೊತ್ತಾಯಿತು ಎಂದು ಪಾಠ ಮುಗಿಸಿದರು. ಮನೆಗೆ ಹೋದ ಮೇಲೆ ಅಳಿಯನಿಗೆ ಫೋನು ಮಾಡಬೇಕೆಂದುಕೊಂಡರು. ಏನೆಂದು ಶುರು ಮಾಡುವುದೋ ತಿಳಿಯಲಿಲ್ಲ. ನಾಳೆ ಮಾಡಿದರಾಯಿತು ಎಂದುಕೊಂಡರು. ಆಮೇಲೆ ಮಾಡಲಿಲ್ಲ.

ಎಂಟನೆಯ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಅಲುಗಾಡುವುದು ನಿಲ್ಲಿಸಿತು. ಗಂಡುಮಗು. ಜೀವವಿಲ್ಲದ್ದನ್ನು ಹೆರುವುದಕ್ಕೂ ಅಷ್ಟೂ ನೋವು ತಿನ್ನಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಮಗಳು ಒಂದು ಸಲವೂ ಅಮ್ಮಾ ಎಂದು ಕೂಗಲಿಲ್ಲ.

ಹೆರಿಗೆ ಡಾಕ್ಟರು ಡಾಕ್ಟರಮ್ಮನ ಹಳೆಯ ಗೆಳತಿ. ಮಾಸು ನೋಡಿ ಅನುಮಾನಗೊಂಡು ರಕ್ತವನ್ನು ಮತ್ತೆ ಪರೀಕ್ಷೆಗೆ ಕಳಿಸಿದ್ದರು. ಉತ್ತರ ಬಂದ ಮೇಲೆ ವರಾಂಡದ ತುದಿಗೆ ಕರೆದುಕೊಂಡು ಹೋದರು.

“ಸಿಫಿಲಿಸ್ ಕಣೇ. ಮೊದಲು ನೋಡಿದಾಗ ಇರ್ಲಿಲ್ಲ, ಬಸುರಿ ಆದ ಮೇಲೆ ಬಂದಿದೆ. ನಿನ್ನ ಅಳಿಯನ ಮೈ ಮೇಲೆ ಏನಾದ್ರೂ ಎದ್ದಿತ್ತಾ? ನಿನ್ನ ಕಣ್ಣಿಗೆ ಬೀಳಲಿಲ್ವಾ?”

ಡಾಕ್ಟರಮ್ಮ ಮುಖವನ್ನು ಆಚೆ ತಿರುಗಿಸಿದರು. ಗೆಳತಿ ಅದನ್ನು ದುಃಖ ಎಂದುಕೊಂಡು ಕೈ ಅದುಮಿ, ಒಳಗೆ ಹೋದರು.

ಅಳಿಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಡಾಕ್ಟರಮ್ಮ ಅವನ ಮುಂದೆ ಹೋಗಿ ನಿಂತರು. ಬೈಯಬೇಕು, ಕೆನ್ನೆಗೆ ಬಿಗಿಯಬೇಕು ಅನ್ನಿಸಿತು. ಅವರು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ.

“ಆಗಿದ್ದು ಒಂದೇ ಸಲ ಅತ್ತೆ. ಭಯ ಇತ್ತು ನಂಗೆ. ನೀವೇನಾದ್ರೂ ಕೇಳಿದ್ರೆ ಹೇಳಿಬಿಡೋಣ ಅಂತಾನೇ ಬಂದಿದ್ದೆ ಅವತ್ತು. ನೀವೇ ನೋಡಿ ಏನಿಲ್ಲ ಅಂದ್ರಲ್ಲ. ಅಷ್ಟು ದೊಡ್ಡ ಡಾಕ್ಟರು ಹೇಳ್ತಿದಾರೆ ಅಂದ್ರೆ ನಂದೇ ತಪ್ಪು ಭಯ ಅಂದ್ಕೊಂಡೆ.”

ನಿಜ ಹೇಳುತ್ತಿದ್ದಾನೋ, ಜಾರಿಕೊಳ್ಳುತ್ತಿದ್ದಾನೋ ಗೊತ್ತಾಗಲಿಲ್ಲ. ಎರಡರಲ್ಲಿ ಯಾವುದೇ ಆಗಿದ್ದರೂ ಅವನನ್ನು ಬೈಯುವ ಬಾಯಿ ತಮಗಿಲ್ಲ ಎಂಬುದು ಮಾತ್ರ ಗೊತ್ತಾಯಿತು. ಬಾಗಿಲು ತಳ್ಳಿ ಒಳಗೆ ಹೋದರು.

ಮಗಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತು ಅವಳ ತೋಳು ಮುಟ್ಟಿದರು.

“ಗೊತ್ತಾಗಲಿಲ್ಲ ಮಗಳೇ. ಎಷ್ಟೋ ಸಲ ಎರಡೂ ಒಂದೇ ತರ ಕಾಣುತ್ತೆ.”

“ಕಾಣುತ್ತೆ ಅಂತ ನಂಗೂ ಗೊತ್ತು” ಎಂದಳು ಮಗಳು, ತಿರುಗದೆಯೇ. “ಊಟಕ್ಕೆ ಕೂತಾಗೆಲ್ಲ ಅದನ್ನೇ ಹೇಳ್ತಿದ್ದೆ ನೀನು. ಅದಕ್ಕೇ ಅವರನ್ನ ನಿನ್ನ ಹತ್ರ ಕರ್ಕೊಂಡು ಬಂದಿದ್ದು. ನನ್ನ ಬಾಯಲ್ಲಿ ಆ ಮಾತು ಕೇಳೋಕೆ ಆಗ್ಲಿಲ್ಲ. ನೀನು ಕೇಳ್ತೀಯ ಅಂದ್ಕೊಂಡಿದ್ದೆ. ದಾರಿಯಲ್ಲಿ ಹೋಗೋರ್ನೆಲ್ಲ ಕೇಳ್ತೀಯಲ್ಲ ಅಮ್ಮ.”

ಡಾಕ್ಟರಮ್ಮ ಅತ್ತರು. ಮಗಳು ಅಳಲಿಲ್ಲ. ಅಷ್ಟರಲ್ಲಿ ನರ್ಸು ಇಂಜೆಕ್ಷನ್ ತಟ್ಟೆ ಹಿಡಿದು ಬಂದಳು. ಡಾಕ್ಟರಮ್ಮ ಕಣ್ಣೊರೆಸಿಕೊಂಡು ಎದ್ದು, ಅಭ್ಯಾಸಬಲದಿಂದ ತಟ್ಟೆಗೆ ಕೈ ಚಾಚಿದರು.

“ನಾನೇ ಕೊಡ್ತೀನಿ.”

“ಬೇಡ” ಎಂದಳು ಮಗಳು. ಆಮೇಲೆ ನರ್ಸಿಗೆ, “ಇವರನ್ನ ಹೊರಗೆ ಕಳಿಸಿ” ಎಂದಳು.

ನರ್ಸಿಗೆ ಇವರು ಯಾರೆಂದು ಗೊತ್ತಿರಲಿಲ್ಲ. ಎಲ್ಲ ರೋಗಿಗಳ ಕಡೆಯವರಿಗೂ ಹೇಳುವ ಹಾಗೆ, ಸ್ವಲ್ಪ ಆಚೆ ಇರಿ ಅಮ್ಮ ಎಂದು ಹೇಳಿ ಪರದೆ ಎಳೆದಳು.

ಹೊರಗೆ ಕೂರಲು ಇದ್ದುದು ಅದೊಂದೇ ಬೆಂಚು. ಡಾಕ್ಟರಮ್ಮನನ್ನು ಕಂಡು ಅಳಿಯ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಹೋಗಿ ಅವನ ಪಕ್ಕದಲ್ಲಿ ಕೂತರು.