ಹುಳಿ ತಿಂದ ನೆಲ

ನನ್ನ ಮಾವ ಜಯಾನಂದರಿಗೆ ಇಬ್ಬರು ಮಕ್ಕಳು. ಒಬ್ಬ ನನ್ನ ಗಂಡ ತಿಲಕ್, ಇನ್ನೊಂದು ಮನೆಯ ಅಮೃತಶಿಲೆಯ ನೆಲ. ಹೆಚ್ಚು ಮುದ್ದು ಯಾವುದು ಎಂದು ಕೇಳಬೇಡಿ, ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ.

ಕುಂದಾಪುರದ ಕಡೆಯಿಂದ ಬಂದು ದಿಲ್ಲಿಯ ಕರೋಲ್ ಬಾಗ್‌ನಲ್ಲಿ ಹೋಟೆಲು ಕಟ್ಟಿದವರು ಮಾವ. ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಮೇಲ್ಮಹಡಿಯ ಮನೆ ಕೊಂಡು ರಾಜಸ್ಥಾನದ ಬಿಳಿ ಕಲ್ಲು ಹಾಸಿಸಿದರು. ಬೇಸಿಗೆಯಲ್ಲಿ ಆಂಧಿ, ಅಂದರೆ ಮರಳಿನ ಬಿರುಗಾಳಿ, ಬರುವ ಸೂಚನೆ ಫೋನಿಗೆ ಬಂದರೆ ಸಾಕು, ಗಲ್ಲಾ ಬಿಟ್ಟು ಮನೆಗೆ ಓಡಿಬರುತ್ತಾರೆ. ಕಿಟಕಿಯ ಸಂದಿಗೆ ಒದ್ದೆ ಟವೆಲು ತುರುಕುತ್ತಾರೆ. ನೆನೆದು ಬಣ್ಣ ಬಿಟ್ಟೀತೆಂದು ಜಮಖಾನೆ ಸುತ್ತಿಡುತ್ತಾರೆ, ತುಕ್ಕಿನ ಕಲೆ ಆದೀತೆಂದು ಕಬ್ಬಿಣದ ಸ್ಟೂಲು ಎತ್ತಿಡುತ್ತಾರೆ. ಗಾಳಿ ನಿಂತ ಮೇಲೂ ನಾವು ಒದ್ದೆ ಬಟ್ಟೆ ಮುಟ್ಟುವಂತಿಲ್ಲ.

"ಮೊದಲು ಒಣ ಪೊರಕೆ. ಮರಳಿನ ಮೇಲೆ ಒದ್ದೆ ಬಟ್ಟೆ ಎಳೆದರೆ ಗೀರು ಬೀಳ್ತದೆ. ಆಮೇಲೆ ಬರೀ ನೀರು. ನಿಂಬೆ, ಹುಳಿ ಹತ್ತಿರವೂ ತರಬೇಡಿ."

ಹುಳಿಯ ಮಾತು ಬಂದಾಗಲೆಲ್ಲ ಅತ್ತೆ ಉಮಾವತಿಯ ಮುಖ ಸಪ್ಪಗಾಗುತ್ತದೆ. ತಿಲಕ್ ಇನ್ನೂ ತೊಟ್ಟಿಲಲ್ಲಿದ್ದಾಗ, ಹೊಸ ನೆಲದ ಮೊದಲ ಬೇಸಿಗೆಯಲ್ಲಿ, ಆಂಧಿಯ ಜೊತೆ ಮಳೆಯೂ ನುಗ್ಗಿ ನೆಲವೆಲ್ಲ ಕೆಸರಿನ ಕಲೆಯಾಗಿತ್ತು. ಮಾವ ಹೋಟೆಲಿನಿಂದ ಬರುವುದರೊಳಗೆ ಥಳಥಳ ಮಾಡಿಡಬೇಕೆಂದು ಅತ್ತೆಗೆ ಹುಮ್ಮಸ್ಸು. ಊರಿನಲ್ಲಿ ಹಿತ್ತಾಳೆ ದೀಪ ಬೆಳಗುವುದು ಹುಣಸೆಹಣ್ಣಿನಿಂದ. ಹೋಟೆಲಿನಲ್ಲಿ ಸಾರಿಗೆ ಹಿಂಡಿದ ಹುಣಸೆಯ ಚರಟಕ್ಕೆ ಬರವಿರಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ದೇವರ ಕೋಣೆಯವರೆಗೆ ಕೂತು ಉಜ್ಜಿಯೇ ಉಜ್ಜಿದರು. ಕೆಸರು ಹೋಯಿತು, ಅದರ ಹಿಂದೆ ಹೊಳಪೂ ಹೋಯಿತು. ಹುಳಿ ಕಲ್ಲನ್ನು ತಿಂದಿತ್ತು.

ಮಾವ ಬೈಯಲಿಲ್ಲವಂತೆ. ಊಟ ಮಾಡದೆ ಮಲಗಿದರಂತೆ. ಬೈದಿದ್ದರೇ ಚೆನ್ನಾಗಿತ್ತು ಎಂದು ಅತ್ತೆ ಈಗಲೂ ಹೇಳುತ್ತಾರೆ. ಆಮೇಲೆ ಮಾವ ಅದನ್ನು ತಮಾಷೆ ಮಾಡಿಕೊಂಡರು. ಬಂದವರಿಗೆಲ್ಲ ಆ ಮಾಸಿದ ಪಟ್ಟಿ ತೋರಿಸಿ, "ಇದು ನಮ್ಮ ಉಮಾವತಿಯ ರಂಗೋಲಿ" ಎನ್ನುವರು. ಬಂದವರು ನಗುವರು, ಅತ್ತೆ ಕಾಫಿ ತರುವ ನೆಪದಲ್ಲಿ ಒಳಗೆ ಹೋಗುವರು.

ಈಗ ಅತ್ತೆಯ ದೃಷ್ಟಿ ಹೋಗಿದೆ. ಬೆಳಕು ಯಾವುದು, ನೆರಳು ಯಾವುದು, ಅಷ್ಟೇ ತಿಳಿಯುತ್ತದೆ. ಆದರೂ ಸಂಜೆ ದೇವರಿಗೆ ದೀಪ ಹಚ್ಚುವವರು ಅವರೇ. ಕೈ ಹಿಡಿಯಲು ಹೋದರೆ, "ನಾನೆಂತ ಮಗುವಾ?" ಎಂದು ಕೊಡವಿಬಿಡುತ್ತಾರೆ. ಬಾಲ್ಕನಿಯ ತುಳಸಿಗೆ ನೀರು ಹಾಕುವುದನ್ನು ಮಾತ್ರ ಬಿಟ್ಟಿದ್ದರು. ಆ ಕಡೆ ದಿಕ್ಕು ತಪ್ಪುತ್ತದೆ ಎನ್ನುತ್ತಿದ್ದರು.

ಈ ಸಲ ಆಂಧಿಯ ಕಾಲಕ್ಕೆ ಮೊದಲೇ ನೆಲವನ್ನೆಲ್ಲ ತಿಕ್ಕಿಸಿ, ನೀರು ಇಳಿಯದ ಹಾಗೆ ಮೇಲೆ ಲೇಪ ಹಾಕಿಸಲು ಮಾವ ನಿಶ್ಚಯಿಸಿದರು. ಪಾಲಿಶ್ ಮಾಡುವ ದಿಲೀಪನಿಗೆ ಹೇಳಿಯೂ ಆಯಿತು.

"ನಿನ್ನ ಆ ಕಲೆಯೂ ಹೋಗ್ತದೆ ಉಮಾ" ಎಂದರು, ಸೀರೆ ತಂದುಕೊಟ್ಟವರ ಹಾಗೆ.

"ಆಯ್ತು" ಎಂದರು ಅತ್ತೆ.

ಆ ಸಂಜೆ ಅತ್ತೆ ದೀಪದ ಎಣ್ಣೆ ಹಿಡಿದು ಹೋಗುವಾಗ ನಾನು ಅವರ ಕಾಲು ನೋಡಿದೆ. ಬಲಗಾಲು ಹುಳಿ ತಿಂದ ಒರಟು ಪಟ್ಟಿಯ ಮೇಲೆ, ಎಡಗಾಲು ನುಣುಪಿನ ಮೇಲೆ. ಒರಟು ತಪ್ಪಿದ ಕೂಡಲೇ ಹೆಬ್ಬೆರಳು ತಡಕಾಡಿ ಮತ್ತೆ ಅದನ್ನು ಹುಡುಕಿಕೊಳ್ಳುತ್ತಿತ್ತು. ಅವರಿಗೆ ದಾರಿ ತೋರಿಸುತ್ತಿದ್ದುದು ಆ ಕಲೆಯೇ.

"ಮಾವನಿಗೆ ಹೇಳ್ತೇನೆ" ಎಂದೆ.

"ಬೇಡ ಪ್ರಣೀತಾ. ಅದನ್ನು ನೋಡಿ ನೋಡಿ ಅವರು ಸಾಕಷ್ಟು ನೊಂದಿದ್ದಾರೆ. ನಾನು ಗೋಡೆ ಹಿಡಿದು ಹೋಗ್ತೇನೆ."

ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಆದರೂ ಹೇಳುವುದಿಲ್ಲ ಎಂದು ಅತ್ತೆಗೆ ಮಾತು ಕೊಟ್ಟೆ.

ದಿಲೀಪ ಬರುವ ಹಿಂದಿನ ದಿನ ಮಧ್ಯಾಹ್ನವೇ ಆಂಧಿ ಎದ್ದಿತು. ಆಕಾಶ ಕಂದಾಗಿ ಕಪ್ಪಾಯಿತು, ಕರೆಂಟು ಹೋಯಿತು. ಮಾವ ಟವೆಲು ತುರುಕುತ್ತಿದ್ದಾಗ ಬಾಲ್ಕನಿಯ ಬಾಗಿಲು ಹಾರಿಕೊಂಡು ತೆರೆದು, ಮರಳೆಲ್ಲ ಅವರ ಮುಖಕ್ಕೇ ರಾಚಿತು. ನಾನು ಬಾಗಿಲು ದಬ್ಬಿ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತೆ. ಮಾವ ಕಣ್ಣು ಮುಚ್ಚಿಕೊಂಡು ತಡವರಿಸುತ್ತ ದೇವರ ಕೋಣೆಯ ಗೋಡೆಗೆ ಹೋಗಿ ಬಡಿದರು.

"ಉಮಾ, ಅಲ್ಲೇ ಇರು. ಬೀಳ್ತೀ" ಎಂದು ಕೂಗಿದರು.

"ನೀವು ಅಲ್ಲೇ ಇರಿ" ಎಂದರು ಅತ್ತೆ. ಅಡುಗೆಮನೆಯಿಂದ ನೇರ ನಡೆದು ಬಂದು ಅವರ ಮೊಣಕೈ ಹಿಡಿದರು. "ಚಪ್ಪಲಿ ಬಿಡಿ. ಕಾಲಡಿ ಒರಟು ಸಿಕ್ಕಿತಾ? ಅದನ್ನು ಬಿಡಬೇಡಿ. ನಲ್ಲಿ ಹತ್ತಿರ ಹೋಗುವ."

ಮಾವ ಚಪ್ಪಲಿ ಬಿಟ್ಟು ಅತ್ತೆಯ ಜೊತೆ ನಡೆದರು. ಅಡುಗೆಮನೆಯ ನಲ್ಲಿಯಲ್ಲಿ ಕಣ್ಣು ತೊಳೆದು, ಹಿಂದಿರುಗಿ ಆ ಪಟ್ಟಿಯನ್ನು ನೋಡಿದರು.

"ದಿನಾ ಹೀಗೇ ನಡೆಯುವುದಾ ನೀನು?"

"ಹೌದು."

"ನನಗ್ಯಾಕೆ ಹೇಳಲಿಲ್ಲ?"

"ನಿಮ್ಮ ನೆಲ ಅಲ್ವಾ" ಎಂದರು ಅತ್ತೆ.

ಮರುದಿನ ಬೆಳಿಗ್ಗೆ ಮಾವ, ಯಂತ್ರ ಹೊತ್ತು ಬಂದ ದಿಲೀಪನಿಗೆ ಚಹಾ ಕುಡಿಸಿ, "ಪಾಲಿಶ್ ಬೇಡ ಭಯ್ಯಾ" ಎಂದು ಕಳಿಸಿಬಿಟ್ಟರು. ತಮ್ಮದೇ ನಿಯಮದಂತೆ ಮೊದಲು ಒಣ ಪೊರಕೆ ಆಡಿಸಿದರು, ಆಮೇಲೆ ಬರೀ ನೀರಿನಲ್ಲಿ ಒರೆಸಿದರು. ಹೋಟೆಲಿಗೆ ಹೋಗಿ ಒಂದು ಪಾತ್ರೆ ತಂದರು. ಪಂಚೆ ಎತ್ತಿ ಕಟ್ಟಿ, ಅತ್ತೆಯ ಮಂಚದ ಬುಡದಲ್ಲಿ ಮೊಣಕಾಲೂರಿ, ಪಾತ್ರೆಯೊಳಗಿನ ಹುಣಸೆಯನ್ನು ಹೊಳೆಯುವ ಕಲ್ಲಿಗೆ ಮೆತ್ತಿ ಉಜ್ಜತೊಡಗಿದರು.

ತಿಲಕ್ ಹಲ್ಲುಜ್ಜುವುದನ್ನು ನಿಲ್ಲಿಸಿ, ಏನು ಮಾಡುತ್ತಿದ್ದೀರೆಂದು ಹಿಂದಿಯಲ್ಲೇ ಕೇಳಿದ. "ಪಪ್ಪಾ, ಯೇ ಕ್ಯಾ ಕರ್ ರಹೇ ಹೋ?"

"ನಿನ್ನ ಕೆಲಸ ನೋಡು. ಸೊಟ್ಟ ಆಗಬಾರದು."

ಮಂಚದಿಂದ ಬಾಲ್ಕನಿಯ ಬಾಗಿಲಿನವರೆಗೆ, ತುಳಸಿಯ ಕಡೆಗೆ, ಪಟ್ಟಿ ಬೆಳೆಯುತ್ತ ಹೋಯಿತು. ಅತ್ತೆ ಮೂಗರಳಿಸಿ, "ಮನೆಯಲ್ಲೆಂತ ಹುಳಿ ವಾಸನೆ?" ಎಂದರು.

ಮಾವ ಬರೀ ನೀರಿನಲ್ಲಿ ಪಟ್ಟಿಯನ್ನು ತೊಳೆದು, ತಮ್ಮ ಹೆಗಲ ಬೈರಾಸಿನಿಂದಲೇ ಒರೆಸಿದರು. "ಕಾಲಿಟ್ಟು ನೋಡು."

ಅತ್ತೆ ಕಾಲಿಟ್ಟರು. ಒಂದೊಂದೇ ಹೆಜ್ಜೆ ಇಡುತ್ತ, ಹೆಬ್ಬೆರಳಿನಿಂದ ಸವರುತ್ತ ಹೋದರು. ಕಣ್ಣಿನಿಂದ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬಾಗಿಲ ಹತ್ತಿರ ನಿಂತರು.

"ಇಲ್ಲಿ ಸ್ವಲ್ಪ ನುಣುಪಿದೆ" ಎಂದರು.

ಮಾವ ಮತ್ತೆ ಪಾತ್ರೆಗೆ ಕೈ ಹಾಕಿದರು.