ಒಂದು ಗುಟುಕು ಗಂಜಿ

ಭವಾನಿ ಪೇಠೆಯಲ್ಲಿ ಬರಗಾಲದ ಪರಿಹಾರ ಸಮಿತಿಯೊಂದು ಹಾಕಿದ್ದ ಚಪ್ಪರದಲ್ಲಿ ಗಂಜಿಯನ್ನು ಅಲ್ಲೇ ಕುಡಿದು ಹೋಗಬೇಕಿತ್ತು, ಮನೆಗೆ ಒಯ್ಯುವಂತಿರಲಿಲ್ಲ. ಇಲ್ಲಿಯ ಗಂಜಿ ಎಮ್ಮೆಗಳ ಬಾನಿ ಸೇರುತ್ತಿದೆ ಎಂದು ಪೈಪೋಟಿಯ ಇನ್ನೊಂದು ಸಮಿತಿಯವರು ಪತ್ರಿಕೆಗೆ ಬರೆದ ಮೇಲೆ ಬಂದ ಕಾಯಿದೆ ಅದು. ಜ್ವರದವರನ್ನು ಒಳಗೆ ಬಿಡುತ್ತಿರಲಿಲ್ಲ. ಡಾಕ್ಟರರ ಚೀಟಿ ತಂದರೆ ಅವರ ಪಾಲು ಮನೆಗೇ ಬರುತ್ತದೆ ಎನ್ನುತ್ತಿದ್ದರು. ೧೯೧೮ರ ಆ ಅಕ್ಟೋಬರಿನಲ್ಲಿ ಪೇಠೆಯ ಡಾಕ್ಟರರೇ ಜ್ವರದಲ್ಲಿ ಮಲಗಿದ್ದರು.

ಕಾಶವ್ವನ ಗಂಡ ತೀರಿಕೊಂಡು ಎಂಟು ದಿನವಾಗಿತ್ತು. ನಾಲ್ಕು ವರ್ಷದ ಮಗಳು ಪಾರಿ ಅದೇ ಜ್ವರದಲ್ಲಿ ಬಿದ್ದಿದ್ದಳು. ನಿನ್ನೆ ಕಾಶವ್ವ ಕೊನೆಯ ಗುಟುಕನ್ನು ನುಂಗದೆ ಬಾಯಲ್ಲೇ ಹಿಡಿದು, ಎರಡು ಓಣಿ ದಾಟಿ, ಮಗಳ ಬಾಯಿಗೆ ಬಿಟ್ಟಿದ್ದಳು. ಮೂರು ದಿನದಿಂದ ಏನೂ ಮುಟ್ಟದಿದ್ದ ಪಾರಿ ಅದನ್ನು ನುಂಗಿ ಮತ್ತೆ ಬಾಯಿ ತೆರೆದಿದ್ದಳು.

ಇವತ್ತೂ ಬಾಯಿ ತುಂಬಿಕೊಂಡು, ಸೆರಗು ಮುಚ್ಚಿಕೊಂಡು ಎದ್ದಳು. ಬಾಗಿಲಲ್ಲಿ ಸಮಿತಿಯ ಗುಮಾಸ್ತ ಮಲಕಪ್ಪ, ಅವನ ಪಕ್ಕ ಒಬ್ಬ ಬಿಳಿಯ ಸಾಹೇಬ. ಮುಂದಿನ ವಾರದ ಜೋಳದ ವ್ಯಾಗನ್ ಯಾವ ಸಮಿತಿಗೆ ಎಂದು ಬರೆಯುವವನು ಆ ಸಾಹೇಬನೇ.

"ಕಾಶವ್ವಾ, ಬಾ ಇಲ್ಲೆ. ನಾವು ಮರಾಠಿ ಮಂದಿಗಷ್ಟ ಹಾಕ್ತೀವಿ, ಕಾನಡಿ ಮಂದಿಗೆ ಗಂಜಿ ಹಾಕೂದಿಲ್ಲಂತ ಆ ಸಮಿತಿಯವರು ಚಾಡಿ ಹೇಳ್ಯಾರ. ಹಾಕ್ತಾರಂತ ಸಾಹೇಬ್ರಿಗೆ ಹೇಳು."

ಕಾಶವ್ವ ತಲೆಯಾಡಿಸಿದಳು.

"ಬಾಯಾಗ ಏನ್ ಬೆಲ್ಲ ಇಟ್ಕೊಂಡೀಯೇನ? ಬಾಯಿ ಬಿಟ್ಟು ಹೇಳಬೇ!"

ಹಿಂದಿದ್ದ ನೆರೆಮನೆಯ ನಾಗವ್ವನಿಗೆ ಬಾಯೊಳಗಿನ ಗುಟ್ಟು ಗೊತ್ತಿತ್ತು. "ಆಕಿ ಮೂಕಿ ಅದಾಳ್ರಿ. ನಾ ಹೇಳ್ತೀನಿ ಬಿಡ್ರಿ."

"ಗಂಜ್ಯಾಗ ನೀರ ಭಾಳ ಅಂತ ನಿನ್ನೆ ನನ್ನ ಜೋಡಿ ಜಗಳಾಡಿದಾಕಿ, ಒಂದ ರಾತ್ರ್ಯಾಗ ಮೂಕಿ ಆದಳೇನ?"

ಸಾಲು ನಕ್ಕಿತು. ಸಾಹೇಬ ನಗಲಿಲ್ಲ. ಕಾಶವ್ವನ ಉಬ್ಬಿದ ಕೆನ್ನೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದು ಏನೋ ಕೇಳಿದ. ಮಲಕಪ್ಪನ ದನಿ ಇಳಿಯಿತು.

"ಜಡ್ಡಿನವರನ್ನೂ ಒಳಗ ಬಿಡ್ತೀರೇನಂತ ಕೇಳಾಕತ್ತಾರ. ಮಾತಾಡವ್ವಾ, ನಿನ್ನ ಕಾಲ ಬೀಳ್ತೀನಿ. ವ್ಯಾಗನ್ ಹೋತಂದ್ರ ಬರೂ ವಾರ ಯಾರಿಗೂ ಗಂಜಿ ಇಲ್ಲ."

ಗಂಜಿ ನಾಲಿಗೆಯ ಮೇಲೆ ಇನ್ನೂ ಬೆಚ್ಚಗಿತ್ತು. ಕಾಶವ್ವ ನುಂಗಿದಳು.

"ಭಾಳ ಚಲೋ ಅದರಿ ಗಂಜಿ. ನಮಗೂ ಹಾಕ್ತಾರ್ರಿ."

ಸಾಹೇಬ ಬರೆದುಕೊಂಡ. ಕಾಶವ್ವ ಮಲಕಪ್ಪನ ಅಂಗಿಯ ತುದಿ ಹಿಡಿದಳು. "ಅಣ್ಣಾ, ಇನ್ನೊಂದ ಗುಟುಕು ಹಾಕಸ್ರಿ. ಅದು ಪಾರೀದಿತ್ತು."

ಮಲಕಪ್ಪನಿಗೆ ಈಗ ತಿಳಿಯಿತು. ಹಂಡೆಯ ಕಡೆ ನೋಡಿದ, ಸಾಹೇಬನ ಕಡೆ ನೋಡಿದ.

"ಅವರಿನ್ನೂ ಇಲ್ಲೇ ಅದಾರವ್ವಾ. ಒಬ್ಬರಿಗೆ ಒಂದ ಸಲಾ. ನಾಳೆ ಬಾ."

ಕಾಶವ್ವ ಓಣಿಗಳನ್ನು ನಿಧಾನಕ್ಕೆ ದಾಟಿದಳು. ಇವತ್ತು ಓಡುವ ಕಾರಣವಿರಲಿಲ್ಲ. ಬಾಗಿಲು ಕಿರ್ರೆಂದದ್ದಕ್ಕೆ ಪಾರಿ ಕಣ್ಣು ತೆರೆಯಲಿಲ್ಲ, ಬಾಯಿ ಮಾತ್ರ ತೆರೆದಳು.